ಭಾವನ ನಾಲ್ಕು ಆಳುಗಳು

ಲಗ್ನಪತ್ರಿಕೆಯ ಮೂಲೆಗಳಿಗೆ ಅರಿಶಿನ ಹಚ್ಚುವಾಗ ಬೆರಳು ತೀರಾ ಒದ್ದೆಯಾಗಿರಬಾರದು. ಒದ್ದೆಯಾದರೆ ಅಕ್ಷರದ ಮೇಲೆ ಹರಿಯುತ್ತದೆ, ಒಣಗಿದರೆ ಕಾಗದಕ್ಕೆ ಹಿಡಿಯುವುದಿಲ್ಲ. ಅಕ್ಕ ಅಕ್ಷತ ಕಾರ್ಡು ಬಿಡಿಸಿ ಕೊಡುತ್ತಿದ್ದಳು. ನಾನು ಅರಿಶಿನ ಹಚ್ಚಿ ಚಾಪೆಯ ಮೇಲೆ ಹರಡುತ್ತಿದ್ದೆ. ಪಕ್ಕದ ಮನೆಯ ಲಕ್ಕಮ್ಮ ಒಣಗಿದ್ದನ್ನು ಕವರಿಗೆ ಸೇರಿಸುತ್ತಿದ್ದಳು. ಮೂವರೂ ಮಾತಾಡುತ್ತಿರಲಿಲ್ಲ. ಲಕ್ಕಮ್ಮ ಅಷ್ಟು ಹೊತ್ತು ಸುಮ್ಮನೆ ಕೂತದ್ದನ್ನು ನಮ್ಮೂರು ಕುಂದಾಣದಲ್ಲಿ ಯಾರೂ ನೋಡಿರಲಿಲ್ಲ. ಅವಳ ಬಾಯಿ ತುಂಬ ಎಲೆಅಡಿಕೆ ಇತ್ತು, ಎದ್ದು ಉಗಿಯಲು ಹೋದರೆ ನಮ್ಮ ಮನೆಯ ಏನಾದರೊಂದು ಸಂಗತಿ ತಪ್ಪಿಹೋದೀತೆಂಬ ಭಯವೂ ಇತ್ತು.

ಮದುವೆ ನನ್ನದು. ಹುಡುಗ ತ್ಯಾಮಗೊಂಡ್ಲು ಕಡೆಯ ನರೇಶ್, ಏರ್‌ಪೋರ್ಟಿನಲ್ಲಿ ಪ್ರಯಾಣಿಕರ ಪೆಟ್ಟಿಗೆಗಳನ್ನು ಬೆಲ್ಟಿಗೆ ಹಾಕುವ ಕೆಲಸದಲ್ಲಿದ್ದರು. ಕಾರ್ಡು ಅಚ್ಚಾದ ದಿನದಿಂದ ನಾನು ಹೊಸಿಲು ದಾಟಬಾರದೆಂದು ಅಜ್ಜಿ ಮುತ್ತಮ್ಮ ಹೇಳಿದ್ದಳು. ಅದರಿಂದ ನನಗೆ ಅಂಥ ವ್ಯತ್ಯಾಸವೇನೂ ಆಗಿರಲಿಲ್ಲ. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟ ಮೇಲೆ ನಾನು ದಾಟಿದ್ದೇ ಕಡಿಮೆ.

ಆ ಮೌನವನ್ನು ಮುರಿದವರು ಕಾಂತರಾಜು ಭಾವ, ಅಕ್ಕನ ಗಂಡ. ನಮ್ಮ ಮನೆಯ ದೊಡ್ಡ ಅಳಿಯ. ನಮ್ಮಲ್ಲಿ ಬಹುವಚನದಲ್ಲಿ ಮಾತಾಡಿಸುವುದು ಅವರೊಬ್ಬರನ್ನೇ. ಅವರು ಬಂದರೆ ಫ್ಯಾನಿನ ಕೆಳಗಿರುವವರು ಎದ್ದು ಬೇರೆ ಕಡೆ ಬೆವರುತ್ತಾರೆ. ಅವರಿಗೆ 'ಬೇಡ' ಅನ್ನುವ ಮಾತನ್ನು ಮನೆಯಲ್ಲಿ ಯಾರೂ ಆಡಿದ್ದಿಲ್ಲ. ಆ ಮಾತು ಏನಿದ್ದರೂ ಊಟದೆಲೆಯ ಮುಂದೆ ಅವರೇ ಆಡಬೇಕು, ಅದನ್ನೂ ನಾವು ಕೇಳಿಸಿಕೊಳ್ಳುವುದಿಲ್ಲ.

ಭಾವ ಕಾರ್ಡಿನ ರಾಶಿ ನೋಡಿ, ಇದನ್ನು ಹಂಚುವುದು ಹೇಗೆ ಎಂದು ಕೇಳಿದರು. ಯಾವಾಗಲೂ ಹಂಚುವ ಹಾಗೆ ಎಂದಳು ಅಕ್ಕ. ಅಂದರೆ ನಮ್ಮ ಮುನಿಸ್ವಾಮಿ ಚಿಕ್ಕಪ್ಪ ಬೈಕಿನಲ್ಲಿ ಹೋಗಿ, ಪ್ರತಿ ಮನೆಯಲ್ಲೂ ಕುಂಕುಮ ಕೊಟ್ಟು, ಕೈಗೆ ಕಾರ್ಡು ಕೊಟ್ಟು, ನೀರು ಕುಡಿದು ಬರುವುದು. ನಮ್ಮ ಕಡೆ ಹಾಗೆ ಕರೆದರೇ ಕರೆದಂತೆ. ಫೋನಿನಲ್ಲಿ ಕರೆದರೆ ಅವಮಾನ ಮಾಡಿದಂತೆ, ಕರೆಯದಿರುವುದೇ ಅದಕ್ಕಿಂತ ವಾಸಿ. ಚಿಕ್ಕಪ್ಪ ಸಾಮಾನ್ಯವಾಗಿ ದೊಡ್ಡಬಳ್ಳಾಪುರ ದಾಟಿ ಮನೆ ಸೇರಿದ ಮೇಲೆ, ಅಲ್ಲೇ ಒಂದು ಮನೆ ಬಿಟ್ಟು ಬಂದದ್ದನ್ನು ನೆನಪು ಮಾಡಿಕೊಳ್ಳುತ್ತಾನೆ.

ಭಾವ ನಕ್ಕರು. "ಯಾವ ಮನೆ ಆದ್ಮೇಲೆ ಯಾವ ಮನೆ ಅಂತ ಕಂಪ್ಯೂಟರ್ ಹೇಳುತ್ತೆ. ನೀವು ಸುಮ್ನೆ ಗಾಡಿ ಓಡ್ಸಿ" ಎಂದು ಆಗ ತಾನೇ ಒಳಗೆ ಬಂದ ಚಿಕ್ಕಪ್ಪನಿಗೆ ಹೇಳಿದರು.

ಭಾವನ ಕಂಪನಿ ಏರ್‌ಪೋರ್ಟಿನ ನೌಕರರನ್ನು ಕ್ಯಾಬಿನಲ್ಲಿ ಕರೆತರುವ ಕಂಪನಿ. ಮಹಡಿಯ ಮೇಲೆ ಏಸಿಯಲ್ಲಿ ಪ್ರೋಗ್ರಾಮು ಬರೆಯುವವರು ಕೂರುತ್ತಾರೆ. ಕೆಳಗೆ ಭಾವ ಕೂತು ಡ್ರೈವರುಗಳಿಗೆ ಫೋನು ಮಾಡಿ "ಎಲ್ಲಿದೀಯಾ ಗುರು" ಎಂದು ಕೇಳುತ್ತಾರೆ. ಮೇಲಕ್ಕೆ ಹೋಗಬೇಕೆಂಬುದು ಅವರ ಆಸೆ. ಅದಕ್ಕಾಗಿ ಭಾನುವಾರಗಳಂದು ಬೆಂಗಳೂರಿಗೆ ಹೋಗಿ ಫಂಕ್ಷನಲ್ ಪ್ರೋಗ್ರಾಮಿಂಗ್ ಕಲಿತಿದ್ದರು. ಕಲಿತದ್ದನ್ನೆಲ್ಲ ನನಗೆ ಹೇಳುತ್ತಿದ್ದರು, ಏಕೆಂದರೆ ನಾನು ನಡುವೆ ಬಾಯಿ ಹಾಕುವುದಿಲ್ಲ. ಮಾಮೂಲಿ ಪ್ರೋಗ್ರಾಮಿನಲ್ಲಿ ಇದು ಮಾಡು, ಆಮೇಲೆ ಅದು ಮಾಡು ಎಂದು ಕಂಪ್ಯೂಟರಿನ ಹಿಂದೆಯೇ ನಿಂತು ಕೂಗಬೇಕಂತೆ. ಫಂಕ್ಷನಲ್‌ನಲ್ಲಿ ಏನು ಬೇಕೆಂದು ಹೇಳಿದರೆ ಸಾಕಂತೆ. ಒಮ್ಮೆ ಹೇಳಿದ್ದು ಮತ್ತೆ ಬದಲಾಗುವುದಿಲ್ಲವಂತೆ. ಎಲ್ಲಕ್ಕಿಂತ ದೊಡ್ಡ ಗುಣವೆಂದರೆ, ಯಾರಾದರೂ ಬಂದು ಫಲ ಕೇಳುವ ತನಕ ಅದು ಯಾವ ಕೆಲಸವನ್ನೂ ಮಾಡುವುದಿಲ್ಲವಂತೆ. ಇದಕ್ಕೆ ಅವರು ಸೋಮಾರಿ ಪದ್ಧತಿ ಎನ್ನುತ್ತಿದ್ದರು, ಹೊಗಳಿಕೆಯ ಮಾತಾಗಿ.

"ಇಷ್ಟಕ್ಕೆ ಬೆಂಗ್ಳೂರಿಗೆ ಹೋಗ್ಬೇಕಿತ್ತಾ ಗುರು?" ಎಂದು ಚಿಕ್ಕಪ್ಪ ಕೇಳಿದ. ಅಡುಗೆಮನೆಯಲ್ಲಿ ಅಕ್ಕ ಒಗ್ಗರಣೆ ಸೌಟು ಬೀಳಿಸಿದಳು.

ಭಾವ ಬೇಜಾರು ಮಾಡಿಕೊಳ್ಳಲಿಲ್ಲ. ಊರುಗಳ ದೂರವನ್ನೆಲ್ಲ ಬರೆದುಕೊಂಡು, ಮನೆಯ ಹಿರಿಯರನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು, ಯಾರಿಗೆ ಮೊದಲು ಕೊಡಬೇಕು, ಯಾರ ಮನೆಗೆ ಹೋದದ್ದು ಯಾರಿಗೆ ಗೊತ್ತಾಗಬಾರದು ಎಂದು ಕೇಳಿದರು.

ಅಪ್ಪ ವೆಂಕಟರಮಣಪ್ಪ ಹೇಳಿದ್ದು ಒಂದೇ ಮಾತು. ದೇವರ ಮುಂದೆ ಇಟ್ಟ ಮೇಲೆ ಮೊದಲ ಕಾರ್ಡು ಆವತಿಗೆ, ತನ್ನ ಅಕ್ಕ ಮುನಿತಾಯಮ್ಮನಿಗೆ. ನಮ್ಮ ಮನೆಯಲ್ಲಿ ಮದುವಣಗಿತ್ತಿಗೆ ಅರಿಶಿನ ಹಚ್ಚುವಾಗ ಮೊದಲ ಕೈ ಸೋದರತ್ತೆಯದು. ಆ ಕೈ ಬೀಳದೆ ಉಳಿದವರು ಹಚ್ಚುವುದಿಲ್ಲ. ಅತ್ತೆ ಕರೆಯದೆ ಬರುವವಳಲ್ಲ. ಅವಳ ಪಾಲಿನ ಜಮೀನೆಲ್ಲ ಏರ್‌ಪೋರ್ಟಿಗೆ ಹೋಗಿ, ಬಂದ ಹಣ ಮೈದುನರಿಗೆ ಹೋಗಿ, ಈಗ ಆವತಿಯ ಒಂಟಿ ಕೋಣೆಯಲ್ಲಿ ಇದ್ದಾಳೆ. ನಾನು ಶಾಲೆ ಬಿಟ್ಟ ಬೇಸಿಗೆಯಲ್ಲಿ ನನ್ನನ್ನು ಕರೆದುಕೊಂಡು ಹೋಗಿ ಇಟ್ಟುಕೊಂಡಿದ್ದಳು. ಯಾಕೆ ಬಿಟ್ಟೆ ಎಂದು ಕೇಳದೆ ಇದ್ದವಳು ಅವಳೊಬ್ಬಳೇ. ನನ್ನ ಮದುವೆಗೆ ಯಾರು ಬರದಿದ್ದರೂ ಅವಳು ಬರಬೇಕೆಂದು ನನಗಿತ್ತು.

ಭಾವ ಅಪ್ಪನಿಗೆ ಆಯಿತು ಎಂದರು.

ಆಮೇಲೆ ಚಿಕ್ಕಪ್ಪ ಕೂತ. ಮೊದಲ ಕಾರ್ಡು ತ್ಯಾಮಗೊಂಡ್ಲಿಗೆ, ತನಗೆ ಹೆಣ್ಣು ಕೊಟ್ಟ ಮಾವ ದೊಡ್ಡಬೀರಪ್ಪನಿಗೆ ಹೋಗಬೇಕೆಂದ. ಈ ಸಂಬಂಧ ತಂದವನು ದೊಡ್ಡಬೀರಪ್ಪ. ಹಿಂದೊಂದು ಮದುವೆಯಲ್ಲಿ ತನಗಿಂತ ಮೊದಲು ಕ್ಷೌರದಂಗಡಿಯವನಿಗೆ ಕಾರ್ಡು ಹೋಗಿತ್ತೆಂದು ತಿಳಿದು, ಆ ಮದುವೆಯ ಊಟದ ಪಂಕ್ತಿಯಲ್ಲಿ ಎದ್ದು ನಿಂತು ಮಾತಾಡಿದವನು. ಅವನಿಗಿಂತ ಮೊದಲು ಯಾವ ಮನೆಗೂ ಹೋಗಬಾರದು ಎಂದ ಚಿಕ್ಕಪ್ಪ.

ಭಾವ ಚಿಕ್ಕಪ್ಪನಿಗೂ ಆಯಿತು ಎಂದರು. ಇಬ್ಬರ ಮಾತನ್ನೂ ಹಾಗೆಯೇ ಕಂಪ್ಯೂಟರಿಗೆ ಹಾಕಿದರು.

ಎರಡು ಸಲವೂ ಕಾಫಿ ಕೊಟ್ಟವಳು ನಾನು. ಎರಡು ಮನೆಯೂ ಮೊದಲೇ ಇರುವ ದಾರಿ ಯಾವುದಿದ್ದೀತು ಎಂದು ಲೋಟ ತೊಳೆಯುವಾಗ ಯೋಚಿಸಿದೆ. ಇರಬಹುದು, ಇಂಗ್ಲಿಷಿನಲ್ಲಿ ಇರಬಹುದು ಎಂದುಕೊಂಡೆ. ಯಾರೂ ನನ್ನನ್ನು ಕೇಳಲಿಲ್ಲ. ಕೇಳುವ ತನಕ ಬಾಯಿ ಬಿಡದಿರುವುದರಲ್ಲಿ ನಾನೂ ಆ ಕಂಪ್ಯೂಟರೂ ಒಂದೇ.

ಭಾವ ಆಫೀಸಿನ ಹಳೆಯ ಲ್ಯಾಪ್‌ಟಾಪನ್ನು ನಡುಮನೆಯ ಮೂಲೆಯ ಸ್ಟೂಲಿನ ಮೇಲೆ ಇಟ್ಟರು. ಒಳಗೆ ನಾಲ್ಕು ಥ್ರೆಡ್ ಬಿಟ್ಟಿದ್ದೇನೆ ಎಂದರು. ಅಜ್ಜಿಗೆ ಅರ್ಥವಾಗಲೆಂದು, ನಾಲ್ಕು ಆಳುಗಳು ಅಂದುಕೊಳ್ಳಿ ಎಂದರು. ನಾಲ್ವರೂ ನಾಲ್ಕು ಕಡೆಯಿಂದ ದಾರಿ ಹುಡುಕುತ್ತಾರೆ, ಯಾರು ಮೊದಲು ಬಂದರೆ ಅವನ ದಾರಿ ನಮ್ಮದು, ಉಳಿದ ಮೂವರನ್ನು ಅಲ್ಲೇ ನಿಲ್ಲಿಸಿ ಕಳಿಸಿಬಿಡುವುದು. ಹಾಗೆ ಬರಿಗೈಯಲ್ಲಿ ಕಳಿಸಬೇಡ, ಊಟ ಹಾಕಿ ಕಳಿಸು ಎಂದಳು ಅಜ್ಜಿ. ಎಷ್ಟು ಹೊತ್ತಾದೀತು ಎಂದು ಅಪ್ಪ ಕೇಳಿದ. ಒಂದು ಗಂಟೆ ಗಡುವು ಹಾಕಿದ್ದೇನೆ, ಅಷ್ಟರಲ್ಲಿ ಬಾರದಿದ್ದರೆ ತಾನೇ ನಿಲ್ಲುತ್ತದೆ ಎಂದರು ಭಾವ.

ಒಂದು ಗಂಟೆ ಬೇಕಾಗಲಿಲ್ಲ. ಗುಂಡಿ ಒತ್ತಿ ಕೈ ತೆಗೆಯುವಷ್ಟರಲ್ಲಿ, ಗಡುವಿನೊಳಗೆ ಕೆಲಸ ಮುಗಿದಿದೆ ಎಂದು ತೆರೆಯ ಮೇಲೆ ಬಂತು. ಭಾವನೇ ಒಂದು ಕ್ಷಣ ಹೆದರಿದರು. ಆಮೇಲೆ ಕುರ್ಚಿಗೆ ಒರಗಿ, ಇದೇ ಫಂಕ್ಷನಲ್ಲು ಎಂದರು. ಅಕ್ಕ ಪಾಯಸಕ್ಕೆ ಇಟ್ಟಳು. ಲಕ್ಕಮ್ಮ ಕೊನೆಗೂ ಉಗಿದು ಬಂದು, ನಮ್ಮ ಅಳಿಯ ಇದ್ದಾನೆ, ಮೊಬೈಲಿಗೆ ಕರೆನ್ಸಿ ಹಾಕಲೂ ಬರುವುದಿಲ್ಲ ಎಂದಳು. ಭಾವ ಮಹಡಿಯ ಮೇಲಿನ ರವಿಚಂದ್ರ ಸಾರ್‌ಗೆ ಫೋನು ಮಾಡಿ, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರಿಗೆ ಹಾಕಿ, ಸಂಗತಿ ತಿಳಿಸಿದರು.

"ಹಾಗಾದ್ರೆ ಮೊದ್ಲು ಯಾರ ಮನೆ ಅಳಿಯಂದ್ರೆ?" ಎಂದು ಅಪ್ಪ ಕೇಳಿದ. ಚಿಕ್ಕಪ್ಪನೂ ಹತ್ತಿರ ಬಂದ.

ನೋಡೋಣ ಎಂದು ಭಾವ ಇನ್ನೊಂದು ಗುಂಡಿ ಒತ್ತಿದರು. ಲ್ಯಾಪ್‌ಟಾಪಿನ ಒಳಗಿನ ಫ್ಯಾನು ಕೂಗತೊಡಗಿತು. ತೆರೆ ಹಾಗೆಯೇ ನಿಂತಿತು. ಪಾಯಸ ಆಯಿತು, ಕುಡಿದದ್ದೂ ಆಯಿತು. ಫ್ಯಾನು ಕೂಗುತ್ತಲೇ ಇತ್ತು. ಸ್ಪೀಕರಿನಲ್ಲಿದ್ದ ರವಿಚಂದ್ರ ಸಾರ್ ಎಲ್ಲವನ್ನೂ ಕೇಳಿಸಿಕೊಂಡು, ಪ್ರೋಗ್ರಾಮಿನಲ್ಲಿ ಒಂದೆರಡು ಸಾಲು ಓದಿಸಿಕೊಂಡು, ಹೇಳಿದರು:

"ಕಾಂತರಾಜು, ನೀನು ಗಡುವು ಹಾಕಿರೋದು ಮಾಡ್ತೀನಿ ಅಂತ ಮಾತು ಕೊಡೋಕೆ. ಮಾಡೋಕಲ್ಲ. ಅದು ಮಾತು ಕೊಟ್ಟು ಗಡುವಿಂದ ಆಚೆ ಬಂದಿದೆ. ನೀವು ಏನಾಯ್ತು ಅಂತ ಕೇಳಿದ್ಮೇಲೆ ಈಗ ಕೆಲ್ಸ ಶುರು ಮಾಡಿದೆ. ಈಗ ಅದಕ್ಕೆ ಗಡುವೇ ಇಲ್ಲ."

ನಮ್ಮ ಮನೆಯ ಗಂಡಸರಿಗೆ ಇದರಲ್ಲಿ ಅರ್ಥವಾಗದ್ದು ಏನೂ ಇರಲಿಲ್ಲ. ಅವರು ತಲೆ ತಗ್ಗಿಸಿದರು. ಅಕ್ಕ ಮಾತ್ರ ಭಾವನನ್ನೇ ನೋಡಿದಳು.

ಭಾವ ಲ್ಯಾಪ್‌ಟಾಪಿನ ಗುಂಡಿ ಒತ್ತಿ ಹಿಡಿದು ಆರಿಸಿದರು. ಗಡುವಿನ ಒಳಗೇ ಕೆಲಸ ಮಾಡಬೇಕೆಂದು ತಿದ್ದಿ ಬರೆದರು. ಅಷ್ಟರಲ್ಲಿ ಅಜ್ಜಿ ಕಾರಣ ಹುಡುಕಿದ್ದಳು. ಶುಭಕಾರ್ಯದ ಕೆಲಸವನ್ನು ಕಾಯಿ ಒಡೆಯದೆ ಶುರು ಮಾಡಿದರೆ ಇನ್ನೇನಾಗುತ್ತದೆ? ಈ ಸಲ ರಾಹುಕಾಲ ಕಳೆದ ಮೇಲೆ, ಸ್ಟೂಲಿನ ಪಕ್ಕದಲ್ಲಿ ದೀಪ ಹಚ್ಚಿ, ಲ್ಯಾಪ್‌ಟಾಪಿನ ಹಣೆಗೆ ಕುಂಕುಮ ಇಟ್ಟು, ಕಾಯಿ ಒಡೆದಳು. ಇನ್ನು ಕೆಲಸ ಮುಗಿಯುವ ತನಕ ದೀಪ ಆರಬಾರದು, ಅದೂ ನಿಲ್ಲಬಾರದು ಎಂದಳು.

ಆಳುಗಳು ಹೊರಟರು. ಒಂದು ಗಂಟೆ ಆಯಿತು. ಗಡುವು ಬಂತು, ಹೋಯಿತು. ಯಾರೂ ನಿಲ್ಲಲಿಲ್ಲ. ಭಾವ ತಾವೇ ರದ್ದು ಮಾಡುವ ಗುಂಡಿ ಒತ್ತಿದರು. ಆಗ ಇನ್ನೊಂದು ವಿಶೇಷ ತಿಳಿಯಿತು. ನಿಲ್ಲು ಎಂದು ಹೇಳಲು ಕಳಿಸಿದವನು, ಆಳು ಕೇಳಿಸಿಕೊಂಡು ಹೂಂ ಅನ್ನುವ ತನಕ ವಾಪಸು ಬರುವುದಿಲ್ಲವಂತೆ. ಹೀಗೆ ನಾಲ್ವರು ದುಡಿಯುತ್ತಿದ್ದರು, ಐದನೆಯವನು ಬದುವಿನ ಮೇಲೆ ನಿಂತು ಕಾಯುತ್ತಿದ್ದ.

ಯಾಕೆ ಕೇಳಿಸಿಕೊಳ್ಳುವುದಿಲ್ಲ ಎಂದು ಭಾವ ನನಗೆ ವಿವರಿಸಿದರು. ನಾನು ಸೌತೆಕಾಯಿ ಹೆಚ್ಚುತ್ತಿದ್ದೆ. "ಆಳು ದುಡೀತಾ ದುಡೀತಾ ಖಾಲಿ ಚೀಲ, ಅಂದ್ರೆ ಮೆಮೊರೀಲಿ ಜಾಗ, ಬೇಕು ಅಂತ ಬಾಗ್ಲಿಗೆ ಬರ್ತಾನಲ್ಲ, ಆಗ್ಲೇ ಅವನಿಗೆ ಸಾಕು ನಿಲ್ಸು ಅನ್ನೋಕಾಗೋದು. ನಾನು ಬರ್ದಿರೋದು ಎಷ್ಟು ಅಚ್ಚುಕಟ್ಟು ಅಂದ್ರೆ, ಅವರು ಚೀಲಾನೇ ಕೇಳ್ತಿಲ್ಲ." ಈ ಮಾತನ್ನು ಅವರು ಹೆಮ್ಮೆಯಿಂದ ಹೇಳಿದರು.

ಹಿಂದಿನ ಸಲ ಒತ್ತಿ ಆರಿಸಿದ ಗುಂಡಿ ಎಲ್ಲಿದೆ ಎಂದು ಈಗ ಮನೆಯ ಎಲ್ಲರಿಗೂ ಗೊತ್ತಿತ್ತು. ದಿನಕ್ಕೆ ಹತ್ತಾರು ಸಲ ಎಲ್ಲರೂ ಅದನ್ನು ದಾಟಿಕೊಂಡೇ ಓಡಾಡುತ್ತಿದ್ದರು. ಅಜ್ಜಿ ಒತ್ತುವ ಹಾಗಿರಲಿಲ್ಲ, ಕಾಯಿ ಒಡೆದಿದ್ದಳು. ಅಪ್ಪ ಒತ್ತುವ ಹಾಗಿರಲಿಲ್ಲ, ಅಳಿಯನ ಮಿಷನ್ನು. ಚಿಕ್ಕಪ್ಪ ಒತ್ತಿದರೆ ಭಾವ ಮದುವೆಯ ದಿನ ಫೋಟೋಕ್ಕೆ ನಿಲ್ಲುವುದಿಲ್ಲ. ಭಾವ ಒತ್ತಿದರೆ ಸೋತಂತೆ, ಅದೂ ಮಹಡಿಗೆ ಗೊತ್ತಾದ ಮೇಲೆ. ಅರ್ಧ ದಾರಿ ಬಂದಿದ್ದಾರೆ, ಈಗ ನಿಲ್ಲಿಸಿದರೆ ಮತ್ತೆ ಮೊದಲಿನಿಂದ ಹೋಗಬೇಕು ಎಂದು ಅವರು ದಿನವೂ ಹೇಳುತ್ತಿದ್ದರು. ಅರ್ಧ ಎಂದು ಹೇಗೆ ಗೊತ್ತು ಎಂದು ಯಾರೂ ಕೇಳಲಿಲ್ಲ, ಅಳಿಯಂದಿರನ್ನು ಹಾಗೆಲ್ಲ ಕೇಳುವುದಿಲ್ಲ.

ಅಪ್ಪ ಲೈನ್‌ಮನ್ ಆಂಜಿನಪ್ಪನನ್ನು ಹಿತ್ತಲಿಗೆ ಕರೆಸಿ, ಸ್ವಲ್ಪ ಹೊತ್ತು ನಮ್ಮ ಬೀದಿಯ ಕರೆಂಟು ತೆಗೆಯಲು ಆಗುತ್ತದೆಯೇ ಎಂದು ಪಿಸುಮಾತಿನಲ್ಲಿ ಕೇಳಿದ. ಆಂಜಿನಪ್ಪನಿಗೆ ಕಣ್ಣು ತುಂಬಿ ಬಂತು. "ಸರ್ವೀಸಲ್ಲಿ ತೆಗಿ ಅಂತ ಕೇಳ್ದವ್ರು ನೀವೊಬ್ರೇ ಗೌಡ್ರೆ" ಎಂದು ಕಂಬ ಹತ್ತಿದ. ಬೀದಿಯ ಮಿಕ್ಸಿಗಳು ನಿಂತವು, ಟೀವಿಗಳು ನಿಂತವು, ಹಿಟ್ಟಿನ ಗಿರಣಿ ನಿಂತಿತು, ಗಿರಣಿಯ ಮುಂದೆ ಜಗಳ ಶುರುವಾಯಿತು. ಲ್ಯಾಪ್‌ಟಾಪು ಬ್ಯಾಟರಿಯ ಮೇಲೆ ಕೂಗುತ್ತಲೇ ಇತ್ತು. ಬ್ಯಾಟರಿ ಮುಗಿಯುವ ತನಕ ಕಾಯುವ ಧೈರ್ಯ ಅಪ್ಪನಿಗೆ ಇತ್ತು, ಗಿರಣಿಯವರಿಗೆ ಇರಲಿಲ್ಲ.

ಇಷ್ಟರಲ್ಲಿ ಲಕ್ಕಮ್ಮ ತನ್ನ ಕೆಲಸ ಮಾಡಿದ್ದಳು. ಕವರಿಗೆ ಕಾರ್ಡು ಸೇರಿಸುವಾಗ ಅವಳು ತೆರೆಯನ್ನು ನೋಡಿದ್ದಳು. ಅಲ್ಲಿ ಕುಂದಾಣ, ಆವತಿ, ದೊಡ್ಡಬಳ್ಳಾಪುರ, ತ್ಯಾಮಗೊಂಡ್ಲು ಎಂದು ಊರುಗಳಿದ್ದವು, ಯಜಮಾನರ ಹೆಸರುಗಳಿದ್ದವು, ಮನೆಯಿಂದ ಮನೆಗೆ ಎಷ್ಟು ದೂರ ಎಂದಿತ್ತು. ಕಾಂತರಾಜು ಏರ್‌ಪೋರ್ಟಿನವರು. ನಮ್ಮ ತಾಲೂಕಿನಲ್ಲಿ ಏರ್‌ಪೋರ್ಟಿನವರು ಮನೆಗಳ ನಡುವೆ ದೂರ ಅಳೆದರೆ ಏನರ್ಥ ಎಂದು ಹಾಲು ಕುಡಿಯುವ ಮಗುವಿಗೂ ಗೊತ್ತು. ಹೊಸ ರಸ್ತೆಗೆ ಯಾರ ಮನೆ ಯಾವ ಕ್ರಮದಲ್ಲಿ ಹೋಗುತ್ತದೆ ಎಂದು ವೆಂಕಟರಮಣಪ್ಪನ ನಡುಮನೆಯಲ್ಲಿ ಲೆಕ್ಕ ನಡೆದಿದೆ, ಮದುವೆ ಬರೀ ನೆಪ ಎಂದು ಮಧ್ಯಾಹ್ನದ ಹೊತ್ತಿಗೆ ಊರು ತೀರ್ಮಾನಿಸಿತು.

ಜನ ಬರತೊಡಗಿದರು. ನಮ್ಮದನ್ನು ಬಿಟ್ಟುಬಿಡಿ ಎನ್ನುವವರು ಮುಂಬಾಗಿಲಿಗೆ ಬಂದರು. ನಮ್ಮದನ್ನು ಸೇರಿಸಿಕೊಳ್ಳಿ, ಪರಿಹಾರ ಬಂದರೆ ಮಗನಿಗೆ ಕಾರು ತೆಗೆಸಿಕೊಡುತ್ತೇನೆ ಎನ್ನುವವರು ಹಿತ್ತಲ ಬಾಗಿಲಿಗೆ ಬಂದರು. ಪಂಚಾಯ್ತಿ ಕಾರ್ಯದರ್ಶಿ ಹನುಮಂತರಾಯಪ್ಪನವರು ಮುಂಬಾಗಿಲಿನಿಂದ ಬಂದು, ಸರ್ಕಾರಿ ನೌಕರನಾದ ತನಗೆ ತಿಳಿಸದೆ ಇದು ಹೇಗೆ ನಡೆಯಿತೆಂದು ಗಟ್ಟಿಯಾಗಿ ವಿಚಾರಿಸಿದರು. ಹೋಗುವಾಗ ಹಿತ್ತಲಿನಿಂದ ಹೋದರು. ಹೆಂಡತಿಯ ಹೆಸರಿನಲ್ಲಿ ಆವತಿ ರಸ್ತೆಗೆ ಒಂದು ಸೈಟಿದೆ, ನೋಡಿಕೊಳ್ಳಿ ಎಂದು ಮೆತ್ತಗೆ ಹೇಳಿದರು.

ಭಾವ ಮೊದಮೊದಲು ಎಲ್ಲರಿಗೂ, ಇದು ಲಗ್ನಪತ್ರಿಕೆಯ ಲೆಕ್ಕ ಎಂದೇ ಹೇಳಿದರು. ಬಂದವರು ಕಣ್ಣು ಮಿಟುಕಿಸಿ, "ಗೊತ್ತಾಯ್ತು ಬಿಡಿ ಸಾರ್" ಎಂದರು. ಆಫೀಸಿನ ಕೆಳಮಹಡಿಯಲ್ಲಿ ಕೂತವರನ್ನು ಯಾರೂ ಸಾರ್ ಅನ್ನುವುದಿಲ್ಲ. ಎರಡನೆಯ ದಿನ ಭಾವ ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು ಕೂತರು. ಮೂರನೆಯ ದಿನ, ಇದು ಲಗ್ನಪತ್ರಿಕೆಯದು ಎನ್ನುವುದನ್ನು ಬಿಟ್ಟು, "ನೋಡೋಣ" ಎನ್ನತೊಡಗಿದರು. ಅಕ್ಕ ಕಾಫಿಪುಡಿ ಸಾಲದೆ ನಮ್ಮ ಬೀದಿಯ ಎರಡೂ ಅಂಗಡಿ ಖಾಲಿ ಮಾಡಿದಳು.

ಕಾರ್ಡುಗಳು ಗೋಡೆಯ ಪಕ್ಕ ಡಬ್ಬದಲ್ಲೇ ಇದ್ದವು. ಮದುವೆ ಹತ್ತಿರ ಬರುತ್ತಿತ್ತು. ಕೊನೆಗೆ ಅಪ್ಪ, ಭಾವ ಸ್ನಾನಕ್ಕೆ ಹೋದಾಗ, ಒಂದು ಡಬ್ಬವನ್ನು ಚಿಕ್ಕಪ್ಪನ ಬೈಕಿಗೆ ಕಟ್ಟಿ, ಕ್ರಮ ಗಿಮ ಬೇಡ, ಹೋಗಿ ಹಂಚಿ ಬಾ ಎಂದ. ಚಿಕ್ಕಮ್ಮ ರೊಟ್ಟಿ ಕಟ್ಟಿಕೊಟ್ಟಳು. ಚಿಕ್ಕಪ್ಪ ಹಿಂದಿನ ದಿನವೇ ಟ್ಯಾಂಕು ತುಂಬಿಸಿದ್ದ. ನೆಟ್ಟಗೆ ತ್ಯಾಮಗೊಂಡ್ಲಿನ ದಾರಿ ಹಿಡಿದ.

ಬೈಕಿನ ಹೊಗೆ ಇನ್ನೂ ಬೀದಿಯಲ್ಲೇ ಇರುವಾಗ ದೊಡ್ಡಬೀರಪ್ಪನ ಫೋನು ಬಂತು. ಅಪ್ಪ ಫೋನನ್ನು ಕಿವಿಯಿಂದ ದೂರ ಹಿಡಿದರೂ ನಮಗೆಲ್ಲ ಕೇಳಿಸುತ್ತಿತ್ತು.

"ಏನ್ ವೆಂಕಟರಮಣಪ್ಪ, ಪಟ್ಟೀಲಿ ನನ್ನ ಮನೇನೇ ಮೊದ್ಲು ಹಾಕ್ಸಿದೀಯಂತೆ? ನಿನ್ನ ಮಗಳಿಗೆ ಗಂಡು ತಂದ್ಕೊಟ್ರೆ ನನ್ನ ಮನೇಗೇ ರಸ್ತೆ ಬಿಡಿಸ್ತೀಯಾ? ನನ್ನ ಹೆಸ್ರು ಕೊನೇಗ್ ಹಾಕು. ಇಲ್ಲಾಂದ್ರೆ ಗಂಡಿನವ್ರಿಗೆ ನಾನೇ ಹೋಗಿ ಬೇಡ ಅಂತೀನಿ."

ಗಂಡಿನವರಿಗೂ ಸುದ್ದಿ ಮುಟ್ಟಿತ್ತಂತೆ. ಬೀಗರ ಮನೆ ಒಡೆಸುವವರ ಮನೆಯಿಂದ ಹುಡುಗಿ ತರಬೇಕೇ ಎಂದು ಅವರಲ್ಲಿ ಮಾತು ನಡೆದಿತ್ತು.

ಎಲ್ಲರಿಗಿಂತ ಮೊದಲು ಇರಬೇಕಾದವನು ಈಗ ಎ‌ಲ್ಲರಿಗಿಂತ ಕೊನೆಯಲ್ಲಿ ಇರಬೇಕು ಅನ್ನುತ್ತಿದ್ದ. ಅಂದರೆ ಆವತಿಯ ಅತ್ತೆಗೆ ಅಡ್ಡವೇ ಇರಲಿಲ್ಲ. ಇದನ್ನು ಕೇಳಿ ನನ್ನೊಬ್ಬಳಿಗೆ ಸಂತೋಷವಾಯಿತು. ಆದರೆ ಒಳಗೆ ದುಡಿಯುತ್ತಿರುವ ಆಳುಗಳಿಗೆ ಇದನ್ನು ಹೇಳುವ ಹಾಗಿರಲಿಲ್ಲ. ಒಮ್ಮೆ ಹೇಳಿದ್ದು ಬದಲಾಗುವುದಿಲ್ಲ, ಮತ್ತು ನಿಲ್ಲು ಎಂದರೆ ಅವರಿಗೆ ಕೇಳಿಸುವುದಿಲ್ಲ.

ಈಗಿನ ತುರ್ತು ಚಿಕ್ಕಪ್ಪನನ್ನು ನಿಲ್ಲಿಸುವುದು. ಈ ಹೊತ್ತಿನಲ್ಲಿ ಅವನು ಒಂದು ಕವರು ಹಿಡಿದು ದೊಡ್ಡಬೀರಪ್ಪನ ಬಾಗಿಲಿಗೆ ಹೋಗಬಾರದು. ಅಪ್ಪ ಫೋನು ಮಾಡಿದ. ಅಕ್ಕ ಮಾಡಿದಳು. ಚಿಕ್ಕಮ್ಮ ಮಾಡಿದಳು. ಬೈಕು ಓಡಿಸುವಾಗ ಚಿಕ್ಕಪ್ಪ ಫೋನು ತೆಗೆಯುವುದಿಲ್ಲ. ಪೆಟ್ರೋಲಿಗೋ ಟೀಗೋ ನಿಂತರೆ ಜೇಬು ಮುಟ್ಟಿ ನೋಡುತ್ತಾನೆ. ಟ್ಯಾಂಕು ತುಂಬಿತ್ತು, ರೊಟ್ಟಿ ಜೊತೆಗಿತ್ತು. ಅವನು ಎಲ್ಲಿಯೂ ನಿಲ್ಲುವ ಕಾರಣವೇ ಇರಲಿಲ್ಲ.

ತಲೆಗೆ ಟವೆಲು ಸುತ್ತಿಕೊಂಡು ಬಂದ ಭಾವ ಇದನ್ನು ಕೇಳಿ ಮುಖ ಅರಳಿಸಿದರು. "ನೋಡಿ ಮಾವ, ನಾನು ಮೂರು ದಿನದಿಂದ ಹೇಳ್ತಿರೋದು ಇದೇ. ಚಿಕ್ಕಮಾವ ಏನೂ ಕೇಳ್ತಿಲ್ಲ, ಅದಕ್ಕೆ ನಮ್ಮಾತು ಅವರಿಗೆ ಕೇಳಿಸ್ತಿಲ್ಲ" ಎಂದರು. ಅವರ ವಿದ್ಯೆ ನಮ್ಮ ಮನೆಯ ಎಲ್ಲರಿಗೂ ಒಟ್ಟಿಗೆ ಅರ್ಥವಾದದ್ದು ಆಗಲೇ. ಅದರಿಂದ ಪ್ರಯೋಜನವೇನೂ ಆಗಲಿಲ್ಲ.

ತ್ಯಾಮಗೊಂಡ್ಲಿನಲ್ಲಿ ನಡೆದದ್ದನ್ನು ಚಿಕ್ಕಪ್ಪ ಆಮೇಲೆ ಹೇಳಿದ. ಅವನ ಕೈಯಲ್ಲಿ ಕವರು ಕಂಡ ಕೂಡಲೆ ದೊಡ್ಡಬೀರಪ್ಪ ಬಾಗಿಲು ಹಾಕಿಕೊಂಡ. ಏರ್‌ಪೋರ್ಟು ಬಂದ ಮೇಲೆ ನಮ್ಮ ಜಿಲ್ಲೆಯ ಜನ ಕಲಿತಿರುವ ಕಾನೂನು ಒಂದೇ: ನೋಟಿಸನ್ನು ಕೈಯಲ್ಲಿ ಮುಟ್ಟಬಾರದು, ಮುಟ್ಟಿದರೆ ಜಾರಿಯಾದಂತೆ. ಚಿಕ್ಕಪ್ಪ ಕಿಟಕಿಯಲ್ಲಿ ತೂರಿಸಿದ, ದೊಡ್ಡಬೀರಪ್ಪನ ಹೆಂಡತಿ ಇಕ್ಕಳದಲ್ಲಿ ಹಿಡಿದು ಆಚೆ ಹಾಕಿದಳು. ಹೊಸಿಲ ಮೇಲಿಟ್ಟ, ಪೊರಕೆಯಲ್ಲಿ ಗುಡಿಸಿದರು. ಸ್ವಂತ ಮಾವನ ಮನೆಯ ಮುಂದೆ ಚಿಕ್ಕಪ್ಪ ಬಿಸಿಲಲ್ಲಿ ನಿಂತು, ಇದರಲ್ಲಿ ಅರಿಶಿನ ಹಚ್ಚಿದೆ, ನೋಟಿಸಿಗೆ ಅರಿಶಿನ ಯಾರು ಹಚ್ಚುತ್ತಾರೆ ಎಂದು ಕೂಗಿದ. ಈಗಿನವರು ಏನು ಬೇಕಾದರೂ ಮಾಡುತ್ತಾರೆ ಎಂದು ಒಳಗಿನಿಂದ ಉತ್ತರ ಬಂತು. ಮುಂದಿನ ಮನೆಗಳಲ್ಲೂ ಹೀಗೇ ಆಯಿತು. ಸಾಲ ಮಾಡಿ ಸೈಟು ತೆಗೆದಿದ್ದ ಒಬ್ಬ ಮೇಷ್ಟ್ರು ಮಾತ್ರ ಓಡಿ ಬಂದು ಎರಡು ಕವರು ಕಿತ್ತುಕೊಂಡು ಹೋದರು.

ನಿಜ ಹೊರಗೆ ಬಂದದ್ದು ನರೇಶ್‌ರಿಂದ. ಡ್ಯೂಟಿ ಮುಗಿಸಿ ಬಂದವರು ಬೀದಿಯಲ್ಲಿ ಬಿದ್ದಿದ್ದ ಕವರು ಎತ್ತಿ, ಬಿಚ್ಚಿ, ತಮ್ಮ ಹೆಸರು ಓದಿಕೊಂಡರು. ದಿನವೂ ವಾರಸುದಾರರಿಲ್ಲದ ಪೆಟ್ಟಿಗೆಗಳನ್ನು ನೋಡುವವರಾದ್ದರಿಂದ ಅವರಿಗೆ ಹೆದರಿಕೆ ಇರಲಿಲ್ಲ. ಅಪ್ಪನಿಗೆ ಫೋನು ಮಾಡಿ, ಮುಂದಿನ ವಾರ ತಮ್ಮ ಮದುವೆ ಇದೆಯೆಂದು ಓದಿದ್ದಾಗಿಯೂ, ತಮ್ಮ ಅಭ್ಯಂತರವಿಲ್ಲವೆಂದೂ ತಿಳಿಸಿದರು. ಆಗ ನನಗೆ ಅವರು ಪರವಾಗಿಲ್ಲ ಅನ್ನಿಸಿತು. ದೊಡ್ಡಬೀರಪ್ಪ ಬಾಗಿಲು ತೆಗೆದ. ತೆಗೆದವನೇ, ತನಗೆ ಕಾರ್ಡನ್ನು ನೆಲದ ಮೇಲಿಂದ ಎತ್ತಿಕೊಟ್ಟರು ಎಂದು ಸಿಟ್ಟಾದ. ಇದು ಮಾಮೂಲಿ ಸಿಟ್ಟಾದ್ದರಿಂದ ಎಲ್ಲರಿಗೂ ಸಮಾಧಾನವಾಯಿತು. ಚಿಕ್ಕಪ್ಪ ಮತ್ತೆ ಹೋಗಿ ಆ ಕಡೆಯದನ್ನೆಲ್ಲ ಹಂಚಿ ಬಂದ.

ಕುಂದಾಣಕ್ಕೆ ಮಾತ್ರ ಸಮಾಧಾನವಾಗಲಿಲ್ಲ. ಬರೀ ಮದುವೆಯ ಲೆಕ್ಕವಾಗಿದ್ದರೆ ಈ ಲ್ಯಾಪ್‌ಟಾಪು ಇನ್ನೂ ಯಾಕೆ ಓಡುತ್ತಿದೆ ಎಂದು ಲಕ್ಕಮ್ಮ ಕೇಳಿದಳು. ಅಜ್ಜಿ ದೀಪಕ್ಕೆ ಎಣ್ಣೆ ಹಾಕಿದಳು.

ಅರಿಶಿನದ ಶಾಸ್ತ್ರದ ಬೆಳಿಗ್ಗೆ ನನ್ನನ್ನು ನಡುಮನೆಯ ಹಸೆಮಣೆಯ ಮೇಲೆ ಕೂರಿಸಿದರು. ಬಟ್ಟಲಲ್ಲಿ ಅರಿಶಿನ ಕಲಸಿತ್ತು. ಮನೆ ತುಂಬ ಜನ, ಚಪ್ಪರ ತುಂಬ ಜನ. ಮೂಲೆಯಲ್ಲಿ ದೀಪ ಉರಿಯುತ್ತಿತ್ತು, ಲ್ಯಾಪ್‌ಟಾಪಿನ ಫ್ಯಾನು ಕೂಗುತ್ತಿತ್ತು. ಅದರ ಹಣೆಯ ಕುಂಕುಮವನ್ನು ಅಜ್ಜಿ ದಿನವೂ ಹೊಸದಾಗಿ ಇಡುತ್ತಿದ್ದಳು.

"ಮುನಿತಾಯಿ ಎಲ್ಲಿ?" ಎಂದು ಅಜ್ಜಿ ಕೇಳಿದಳು. "ಮೊದ್ಲು ಅವಳ ಕೈ ಬೀಳ್ಬೇಕಲ್ಲ."

ಅಪ್ಪ ಚಿಕ್ಕಪ್ಪನನ್ನು ನೋಡಿದ. ಎಲ್ಲ ಕಡೆ ಹಂಚಿದವನು ಆವತಿಗೂ ಕೊಟ್ಟಿರುತ್ತಾನೆ ಎಂದು ಅವನು ತಿಳಿದಿದ್ದ. ಚಿಕ್ಕಪ್ಪ ಅಪ್ಪನನ್ನು ನೋಡಿದ. ಹಿರಿಯಕ್ಕನ ಮನೆಗೆ ಅಣ್ಣ ತಾನೇ ಹೋಗುತ್ತಾನೆ ಎಂದು ಅವನು ತಿಳಿದಿದ್ದ. ಇಬ್ಬರೂ ಭಾವನನ್ನು ನೋಡಿದರು. ಆವತಿ ಒಂದನ್ನು ಕ್ರಮ ಬಂದ ಮೇಲೆ ಕೊಡೋಣ ಎಂದು ಪಕ್ಕಕ್ಕಿಟ್ಟಿದ್ದೆ ಎಂದರು ಭಾವ, ಮೆತ್ತಗೆ. ಕುಂದಾಣದಿಂದ ಆವತಿಗೆ ಬೈಕಿನಲ್ಲಿ ಹೋಗಿ ಬರುವುದು ಎಷ್ಟರ ದಾರಿ? ಇಡೀ ಜಿಲ್ಲೆಯಲ್ಲಿ ಆ ವಾರ ಕವರನ್ನು ಹೆದರದೆ ಕೈಯಲ್ಲಿ ತೆಗೆದುಕೊಳ್ಳಬಹುದಾಗಿದ್ದವಳು ಅವಳೊಬ್ಬಳೇ. ಅವಳದು ಹೋಗಲು ಏನೂ ಉಳಿದಿರಲಿಲ್ಲ.

ಅಜ್ಜಿ ಅರಿಶಿನದ ಬಟ್ಟಲಿನ ಮೇಲೆ ತಟ್ಟೆ ಮುಚ್ಚಿದಳು. ಆಗ ಮೂಲೆಯಲ್ಲಿ ಫ್ಯಾನಿನ ಕೂಗು ನಿಂತುಹೋಯಿತು. ಅಷ್ಟು ದಿನದ ಸದ್ದು ನಿಂತದ್ದರಿಂದ ಎಲ್ಲರೂ ಬೆಚ್ಚಿ ಆ ಕಡೆ ತಿರುಗಿದರು. ಭಾವ ಓಡಿ ಹೋಗಿ ತೆರೆ ನೋಡಿದರು.

"ನಿಂತ್ರು" ಎಂದರು. "ನಾನು ಅವತ್ತು ಒತ್ತಿದ್ದು ಈಗ ಕೇಳಿಸ್ಕೊಂಡ್ರು. ಕೊನೆಗೂ ಚೀಲ ಕೇಳೋಕೆ ಬಂದ್ರು ನೋಡಿ."

ನೋಡಲು ಏನೋ ಒಂದು ಸಿಕ್ಕಿತೆಂದು ಅಪ್ಪನೂ ಚಿಕ್ಕಪ್ಪನೂ ಓಡಿದರು. ಚಪ್ಪರದಿಂದ ಜನ ನುಗ್ಗಿದರು. ಕೊನೆಗೆ ಯಾವ ಕಡೆ ಹೋಯಿತು ಸಾರ್ ಎಂದು ಹನುಮಂತರಾಯಪ್ಪನವರು ಎಲ್ಲರ ತಲೆಯ ಮೇಲಿಂದ ಕೇಳಿದರು. ದೊಡ್ಡಬೀರಪ್ಪ ತನ್ನ ಹೆಸರು ಎಲ್ಲಿದೆ ತೋರಿಸಿ ಎಂದ. ಅಜ್ಜಿ ನನಗೆ ಬೆಳಗಲು ಇಟ್ಟಿದ್ದ ಆರತಿಯನ್ನು ತೆಗೆದುಕೊಂಡು ಹೋಗಿ ಲ್ಯಾಪ್‌ಟಾಪಿಗೆ ಬೆಳಗಿದಳು. ದಾರಿ ಸಿಕ್ಕಿಲ್ಲ, ಬರೀ ನಿಂತಿದೆ ಅಷ್ಟೇ ಎಂದು ಭಾವ ಹೇಳಿದರು. ಇನ್ನೊಂದು ಸಾಲು ತಿದ್ದಿದರೆ ಸಾಕು, ಈ ಸಲ ನಿಮಿಷದಲ್ಲಿ ಬರುತ್ತದೆ ಎಂದರು. ಅಜ್ಜಿ ಇನ್ನೊಂದು ಕಾಯಿ ತರಲು ಅಕ್ಕನನ್ನು ಒಳಗೆ ಕಳಿಸಿದಳು.

ಹಸೆಮಣೆಯ ಸುತ್ತ ಯಾರೂ ಉಳಿಯಲಿಲ್ಲ. ಕಾರ್ಡಿನ ಡಬ್ಬ ಗೋಡೆಯ ಪಕ್ಕ ನನ್ನ ಕೈಗೆ ಎಟುಕುವಷ್ಟು ದೂರದಲ್ಲಿತ್ತು. ಅದರೊಳಗಿಂದ ಒಂದು ಕವರು ತೆಗೆದೆ. ಮೂಲೆಯ ಅರಿಶಿನ ಚೆನ್ನಾಗಿ ಒಣಗಿತ್ತು. ನಾನು ಮಾತಾಡಿದೆ. ಭಾವ ಗುಂಡಿ ಒತ್ತುತ್ತಿದ್ದರು, ಎಲ್ಲರ ಬೆನ್ನು ನನ್ನ ಕಡೆಗಿತ್ತು. ಇಷ್ಟು ಜನರ ನಡುವೆ ನಾನು ಯಾವತ್ತೂ ಆಡಿರದಷ್ಟು ಗಟ್ಟಿಯಾಗಿ ಇನ್ನೊಮ್ಮೆ ಹೇಳಿದೆ.

"ಆವತಿ ಅತ್ತೆಗೆ ಇದನ್ನ ಯಾರಾದ್ರೂ ಕೊಟ್ಟು, ಕರ್ಕೊಂಡು ಬನ್ನಿ."

ಫ್ಯಾನು ಮತ್ತೆ ಕೂಗತೊಡಗಿತು.